ಅವಳ ಕಪ್ಪು, ನನ್ನ ಹಳದಿ

ನನ್ನ ಕೆಂಪು ಪೆನ್ನು ಸೋರುತ್ತದೆ. ಹೊಸದೊಂದು ತೆಗೆದುಕೊಳ್ಳಬಾರದೇ ಎಂದು ನೀವು ಕೇಳಬಹುದು. ಶಾಲೆಯಲ್ಲೂ ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ಹೈಸ್ಕೂಲಿನ ಮಕ್ಕಳ ಕನ್ನಡವನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಈ ಪೆನ್ನಿನ ಮುಳ್ಳು ನನ್ನ ಕೈಯ ವಾರೆಗೆ ಒಗ್ಗಿಹೋಗಿದೆ. ಹಾಗಾಗಿ ಭಾನುವಾರ ತಿಂಡಿಗೆ ಕೂತಾಗ ನನ್ನ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತದೆ. ಮನೆಯವರು ಅದನ್ನು ನೋಡಿ, "ಇವತ್ತು ಎಷ್ಟು ಮಕ್ಕಳ ಕುತ್ತಿಗೆ ಕುಯ್ದೆ?" ಎಂದು ಕೇಳುವುದು ನಮ್ಮಲ್ಲಿ ವಾರದ ತಮಾಷೆ.

ಈ ಭಾನುವಾರ ಒಬ್ಬಳದ್ದು ಮಾತ್ರ. ಅದೂ ಅರ್ಧ ಕುಯ್ದು ನಿಲ್ಲಿಸಿದ್ದೇನೆ.

ನಡೆದದ್ದು ಇಷ್ಟು. ಹೋದ ವಾರ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಕುಶಾಲನಗರದಿಂದ ಬಸ್ಸಿಗೆ ಹತ್ತಿಸಿಕೊಂಡು ಮಡಿಕೇರಿಗೆ ಒಂದು ಚಿತ್ರಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಬಣ್ಣ, ಬಣ್ಣದ ನಡುವೆ ಒಂದೊಂದು ಮಾತು. ಮರಳಿ ಬಂದ ಮೇಲೆ, ನಿಮ್ಮ ಮನಸ್ಸಿಗೆ ಬಂದ ಒಂದು ಚಿತ್ರದ ಬಣ್ಣ ಮತ್ತು ಮಾತಿನ ಬಗ್ಗೆ ಒಂದು ಪುಟ ಬರೆಯಿರಿ ಎಂದಿದ್ದೆ. ಬಂದ ಪುಟಗಳಲ್ಲಿ ಮುಕ್ಕಾಲುಪಾಲು ಬಸ್ಸಿನ ಬಗ್ಗೆಯೇ ಇದ್ದವು. ಯಾರು ಎಲ್ಲಿ ವಾಂತಿ ಮಾಡಿದರು ಎಂಬುದು ಬಹಳ ವಿವರವಾಗಿ ಬಂದಿತ್ತು. ನಾನು ನಗುತ್ತಾ ಒತ್ತು, ದೀರ್ಘ ತಿದ್ದುತ್ತಾ ಹೋಗುತ್ತಿದ್ದೆ. ಆಮೇಲೆ ಶಿರಂಗಾಲದಿಂದ ಬರುವ ರಮ್ಯಾಳ ಪುಟ ಬಂತು.

ಅಲ್ಲಿ ಒಂದು ಹಳದಿ ಚಿತ್ರವಿತ್ತು. ಗೋಡೆಯಗಲದ ಹಳದಿ, ಅದರ ಮೂಲೆಯಲ್ಲಿ ಸಣ್ಣಗೆ 'ನಗು' ಎಂದು ಬರೆದಿತ್ತು. ರಮ್ಯಾ ಬರೆದಿದ್ದಳು: "ನಮ್ಮ ಹೊಲದಲ್ಲಿ ಹಳದಿ ನಗುವುದಿಲ್ಲ. ಶುಂಠಿಯ ಎಲೆ ತುದಿಯಿಂದ ಹಳದಿಯಾದರೆ ನಮ್ಮಪ್ಪ ಮಾತು ನಿಲ್ಲಿಸುತ್ತಾರೆ. ಆಮೇಲೆ ಬುಡ ಹಿಡಿದು ಎಳೆದು ಮೂಸಿ ನೋಡುತ್ತಾರೆ. ಕೊಳೆತಿದ್ದರೆ ಸಲೀಸಾಗಿ ಕಿತ್ತುಬರುತ್ತದೆ. ಆ ಚಿತ್ರದ ಮುಂದೆ ನಿಂತಾಗ ನನಗೆ ಮೂಸಿ ನೋಡಬೇಕು ಅನ್ನಿಸಿತು."

ಕೊನೆಯ ಸಾಲಿನ ಮೇಲೆ ನಾನು ಉದ್ದಕ್ಕೆ ಗೆರೆ ಎಳೆದೆ. ಪಕ್ಕದಲ್ಲಿ 'ಅಪ್ರಸ್ತುತ' ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ಯಾಕೆಂದರೆ ಹೊಟ್ಟೆಯೊಳಗೆ, ಸರಿಯಾಗಿ ಹೊಕ್ಕುಳಿನ ಮೇಲ್ಗಡೆ, ಒಂದು ಹಳೆಯ ಉರಿ ಎದ್ದಿತ್ತು. ನನಗೆ ಅದರ ಗುರುತಿದೆ. ಅಸಿಡಿಟಿ ಎಂದು ಮೊದಲು ಅಂದುಕೊಳ್ಳುವುದು, ಆಮೇಲೆ ಅಲ್ಲವೆಂದು ಒಪ್ಪಿಕೊಳ್ಳುವುದು ನನ್ನ ರೂಢಿ. ನಲವತ್ತು ದಾಟಿದ ಮೇಡಂ ಒಬ್ಬಳಿಗೆ ಹದಿನಾಲ್ಕರ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗಿತ್ತು.

ಇಷ್ಟು ಜೋರಾದ ಹೊಟ್ಟೆಕಿಚ್ಚು ನನಗೆ ಇದಕ್ಕೆ ಮೊದಲು ಒಂದೇ ಒಂದು ಸಲ ಆಗಿದ್ದು, ಕುಸುಮಾಳ ಮೇಲೆ. ನೆರೆಮನೆಯವರು ಕಾರು ತೆಗೆದುಕೊಂಡಾಗ, ತಂಗಿಗೆ ನನಗಿಂತ ಉದ್ದ ಜಡೆ ಬಂದಾಗ ಆಗುವ ಚಿಲ್ಲರೆ ಕಿಚ್ಚನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಅವೆಲ್ಲ ಒಂದು ಲೋಟ ಮಜ್ಜಿಗೆಗೆ ಇಳಿಯುತ್ತವೆ.

ಕುಸುಮಾ ಮಡಿಕೇರಿಯ ಕಾಲೇಜಿನಲ್ಲಿ ನನ್ನ ಹಾಸ್ಟೆಲ್ ರೂಮಿನವಳು. ಗಾಳಿಬೀಡಿನವಳು, ಮನೆಯಲ್ಲಿ ಅರೆಭಾಷೆ ಆಡುವವಳು. ನನ್ನ ಜೊತೆ ನಮ್ಮ ಕನ್ನಡವನ್ನೇ ಆಡುತ್ತಿದ್ದಳು, ಆದರೆ 'ಇದೆ' ಎನ್ನಬೇಕಾದಲ್ಲಿ ಅವಳ ಮನೆಯ 'ಉಟ್ಟು' ಆಗಾಗ ನುಸುಳುತ್ತಿತ್ತು, ಹೆಂಗಸರನ್ನೂ 'ಬರ್ತದೆ, ಹೋಗ್ತದೆ' ಎನ್ನುತ್ತಿದ್ದಳು. ಮಾತು ಕಡಿಮೆ. ಓದು ಸುಮಾರು. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದು ಆಕಾಶ ನೋಡುವುದು ಅವಳ ಅಭ್ಯಾಸ. "ಏನೇ ಅದು ದಿನಾ ನೋಡೋದು?" ಎಂದರೆ, "ಮೋಡ ಉಟ್ಟಾಂತ," ಎನ್ನುತ್ತಿದ್ದಳು. ಮೋಡವಿದ್ದರೆ ಇವಳಿಗೇನು ಎಂದು ನಾನು ಮಗ್ಗುಲು ಬದಲಾಯಿಸಿ ಮಲಗುತ್ತಿದ್ದೆ.

ಇನ್ನು ನಾನು. ನಾನು ಕಾಲೇಜಿನ ಅಕ್ಷರ. ಹಾಗೆಂದರೆ ಏನು ಎಂದು ಹೇಳಿಬಿಡುತ್ತೇನೆ. ಮೆಟ್ಟಿಲ ಬಳಿಯ ಕರಿಹಲಗೆಯ ಮೇಲೆ ಪ್ರತಿದಿನ ಒಂದು ಸುವಿಚಾರ ಬರೆಯುವವಳು ನಾನು, ಸ್ವಾಗತದ ಬ್ಯಾನರು ಬರೆಯುವವಳು ನಾನು, ಪ್ರಿನ್ಸಿಪಾಲರ ಬೀಳ್ಕೊಡುಗೆಯ ಮಾನಪತ್ರ ಬರೆದವಳೂ ನಾನು. ಅಕ್ಷರ ದುಂಡಗಿದ್ದವರಿಗೆ ತಮ್ಮ ಮಾತೂ ದುಂಡಗಿದೆ ಎಂಬ ಭ್ರಮೆ ಬೇಗ ಬರುತ್ತದೆ. ನನಗೆ ಪಿಯುಸಿಯಲ್ಲೇ ಬಂದಿತ್ತು. ಪ್ರಬಂಧ ಸ್ಪರ್ಧೆ ಎಂದರೆ ಮೊದಲ ಬಹುಮಾನದ ಸ್ಟೀಲ್ ಡಬ್ಬಿ ನನ್ನದೇ. ಅಂಥ ಡಬ್ಬಿಗಳು ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಇವೆ, ಒಂದರಲ್ಲಿ ಸಾಸಿವೆ, ಒಂದರಲ್ಲಿ ಮೆಂತ್ಯ.

ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಗ, ಗೌರಿ ಗಣೇಶ ಹಬ್ಬದ ರಜೆ ಮುಗಿದ ವಾರ, ಮೈಸೂರು ಕಡೆಯ ಕಲಾವಿದೆಯೊಬ್ಬರು ಮಡಿಕೇರಿಯಲ್ಲಿ ತಮ್ಮ ಚಿತ್ರಗಳನ್ನು ತಂದಿಟ್ಟರು. ಚಿತ್ರವೆಂದರೆ ಮನೆ, ಮರ, ಹೊಳೆ ಏನೂ ಇಲ್ಲ. ಒಂದೊಂದು ಹಲಗೆಯಲ್ಲಿ ಒಂದೇ ಬಣ್ಣ, ಬಣ್ಣದ ಕೆಳಗೆ ಒಂದೇ ಮಾತು. ಕೆಂಪಿನ ಕೆಳಗೆ 'ಕೋಪ'. ಹಳದಿಯ ಕೆಳಗೆ 'ಸಂತೋಷ'. ಹಸಿರಿನ ಕೆಳಗೆ 'ಶಾಂತಿ'. ಕೊನೆಯಲ್ಲಿ ಕಪ್ಪು, ಅದರ ಕೆಳಗೆ 'ದುಃಖ'. ನಮ್ಮ ಕನ್ನಡದ ಮೇಡಂ ಕ್ಲಾಸನ್ನೆಲ್ಲ ಕರೆದುಕೊಂಡು ಹೋಗಿ, ಒಂದು ಬಣ್ಣ ಆರಿಸಿಕೊಂಡು ಒಂದು ಪುಟ ಬರೆಯಿರಿ, ಒಳ್ಳೆಯದೊಂದನ್ನು ಆ ಚಿತ್ರದ ಪಕ್ಕದಲ್ಲೇ ತೂಗುಹಾಕಲು ಕಲಾವಿದೆ ಒಪ್ಪಿದ್ದಾರೆ ಎಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ಯಾರ ಕಡೆಯೂ ನೋಡದೆ ಸೆರಗು ಸರಿಮಾಡಿಕೊಂಡೆ. ಸೀರೆ ಉಟ್ಟಿರಲಿಲ್ಲ, ಚೂಡಿದಾರದ ವೇಲು.

ನಾನು ಆರಿಸಿಕೊಂಡದ್ದು ಹಳದಿ. ಏನು ಬರೆದೆ ಎಂದು ಕೇಳಬೇಡಿ. ಅರಿಶಿನ, ಮಂಗಳ, ವಸಂತ, ಹೊಂಬಿಸಿಲು ಇಷ್ಟೂ ಇದ್ದವು ಎಂಬುದು ಗೊತ್ತು, ಯಾವ ಕ್ರಮದಲ್ಲಿ ಎಂದು ನೆನಪಿಲ್ಲ. ಯಾರಿಗೂ ನೆನಪಿರಲಾರದು. ಕುಸುಮಾ ಬರೆದದ್ದು ಮಾತ್ರ ಬೇಡವೆಂದರೂ ಇವತ್ತಿಗೂ ನನಗೆ ಬಾಯಿಪಾಠ:

"ಕಪ್ಪು ಬಣ್ಣದ ಕೆಳಗೆ ದುಃಖ ಅಂತ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಕೆಂಪು ಇರುವಾಗ ಹೆದರಿಕೆ. ಕಾಫಿ ಹಣ್ಣು ಕುಯ್ದು ಕಣದಲ್ಲಿ ಹರಡಿದ ಮೇಲೆ ಮೋಡ ಬಂದರೆ ಊಟದ ಕೈಯಲ್ಲೇ ಟಾರ್ಪಲ್ ಹಿಡಿದು ಓಡಬೇಕು. ಕೆಂಪು ಒಣಗಿ ಕಪ್ಪಾದರೆ ಹೆದರಿಕೆ ಮುಗಿಯಿತು. ಅಜ್ಜಿ ಒಂದು ಮುಷ್ಟಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸ್ತದೆ. ಗಲಗಲ ಅಂದರೆ ನಗ್ತದೆ. ಈ ಚಿತ್ರದ ಹತ್ತಿರ ನಾನೂ ಕಿವಿ ಕೊಟ್ಟು ನೋಡಿದೆ. ದುಃಖ ಅಂತ ಇವರು ಯಾಕೆ ಬರೆದರೋ ಗೊತ್ತಾಗಲಿಲ್ಲ. ಇವರ ಮನೆಯಲ್ಲಿ ಕಣ ಇಲ್ಲದೆ ಇರಬಹುದು."

ಅಷ್ಟೇ. ನೋಟ್ ಪುಸ್ತಕದಿಂದ ಹರಿದ ಹಾಳೆ, ಒಂದು ಅಂಚು ಹಲ್ಲುಹಲ್ಲು. ಅಕ್ಷರಗಳು ಗೆರೆಯ ಮೇಲೆ ನಿಲ್ಲದೆ ಮಳೆಗೆ ಸಿಕ್ಕ ಕೋಳಿಮರಿಗಳಂತೆ ಚೆದುರಿದ್ದವು. ಮೇಡಂ ಅದನ್ನು ಕ್ಲಾಸಿನಲ್ಲಿ ಓದಿದರು. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಸ್ವಲ್ಪ ಹೊತ್ತು ನನಗೆ ಬೇಕಾಗಿತ್ತು. ಇಷ್ಟು ವರ್ಷ ಬರೆದು ನಾನು ಚಪ್ಪಾಳೆ ಗಳಿಸಿದ್ದೆ, ಸ್ಟೀಲ್ ಡಬ್ಬಿ ಗಳಿಸಿದ್ದೆ, ಹಾಗೆ ಒಂದು ಕ್ಲಾಸಿನ ಬಾಯಿ ಮುಚ್ಚಿಸಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನೂ ಒಂದು ವಾರ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದೆ. ಆದರೆ ಮೇಡಂ ಆ ಹಾಳೆಯನ್ನು ತಂದು ನನ್ನ ಕೈಗೇ ಕೊಟ್ಟರು. "ನಿನ್ನ ಅಕ್ಷರದಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಚೆಂದಕ್ಕೆ ಬರೆದುಕೊಡಮ್ಮ. ಅಲ್ಲಲ್ಲಿ ತಪ್ಪಿದ್ದರೆ ತಿದ್ದಿಕೋ," ಎಂದರು.

ತಿದ್ದಿಕೋ ಎಂಬ ಆ ಒಂದು ಮಾತಿನ ಬಾಗಿಲಲ್ಲಿ ನುಗ್ಗಿ ನಾನು ಎಷ್ಟು ದೂರ ಹೋದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸಂಜೆ ಹಾಸ್ಟೆಲಿನ ಊಟದ ಮೇಜಿನ ಮೇಲೆ ಶೀಟು ಹರಡಿಕೊಂಡು ಕೂತೆ. ಮೊದಲು ನಿಜವಾಗಿಯೂ ತಪ್ಪುಗಳನ್ನೇ ತಿದ್ದಿದೆ. ಆಮೇಲೆ 'ಊಟದ ಕೈಯಲ್ಲೇ' ಎಂಬುದು ಅಷ್ಟು ಸಭ್ಯವಲ್ಲ ಅನ್ನಿಸಿತು, ತೆಗೆದೆ. 'ಟಾರ್ಪಲ್' ಕನ್ನಡವಲ್ಲ ಅನ್ನಿಸಿತು, ಅದೂ ಹೋಯಿತು. ಆಮೇಲೆ ಅಜ್ಜಿಯ ಸಾಲು ಬಂತು. ಪೆನ್ನು ಹಿಡಿದು ಅಜ್ಜಿಯನ್ನೇ ನೋಡುತ್ತಾ ಕೂತೆ. ಆ ಇಡೀ ಪುಟ ಅಜ್ಜಿಯ ಮುಷ್ಟಿಯ ಮೇಲೆ ನಿಂತಿದೆ ಎಂಬುದು ಆ ಕ್ಲಾಸಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ತಿಳಿದೇ ಅಜ್ಜಿಯನ್ನು ತೆಗೆದೆ. ಅವಳ ಜಾಗದಲ್ಲಿ, "ಕಪ್ಪೆಂಬುದು ಪರಿಪಕ್ವತೆಯ ಸಂಕೇತ, ಶ್ರಮಜೀವಿಯ ನೆಮ್ಮದಿಯ ನಿಟ್ಟುಸಿರು," ಎಂದು ಬರೆದೆ. ಕಣ ಇಲ್ಲದೆ ಇರಬಹುದು ಎಂಬ ಕೊನೆಯ ಮಾತನ್ನೂ ಬಿಟ್ಟೆ, ಕಲಾವಿದೆಗೆ ಬೇಸರವಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು. ಕೆಳಗೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಬಳ್ಳಿ ಬಿಡಿಸಿ, ಬಳ್ಳಿಯ ನಡುವೆ ಅವಳ ಹೆಸರು ಬರೆದೆ. ಹೆಸರಿನ ಅಕ್ಷರ ಮಾತ್ರ ತುಂಬ ಮುದ್ದಾಗಿ ಬಂದಿತ್ತು.

ಕುಸುಮಾ ಮರುದಿನ ಗೋಡೆಯ ಮುಂದೆ ನಿಂತು ಓದಿದಳು. ನಾನು ಅವಳ ಹಿಂದೆ, ಕತ್ತನ್ನೇ ನೋಡುತ್ತಾ ನಿಂತಿದ್ದೆ. ಓದಿ ತಿರುಗಿ, "ಚಂದ ಉಟ್ಟು," ಎಂದಳು. ಜಗಳವಾಡಿದ್ದರೆ ನನಗೆ ಉತ್ತರ ಸಿದ್ಧವಿತ್ತು, ಮೇಡಮ್ಮೇ ತಿದ್ದು ಅಂದಿದ್ದು ಕಣೆ ಎಂದು. ಆ ಉತ್ತರ ಖರ್ಚಾಗದೆ ನನ್ನಲ್ಲೇ ಉಳಿಯಿತು.

ಮುಗಿಯಿತು ಎಂದುಕೊಂಡೆ. ಆದರೆ ಕೊನೆಯ ದಿನ ಕಲಾವಿದೆ ಬಂದರು. ಅರ್ಧ ನರೆತ ಕೂದಲು, ಹೆಗಲಿಗೆ ಜೋಳಿಗೆ. ಮೇಡಂ ಅವರಿಗೆ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದರಂತೆ, ಹೀಗೆ ಕಾಫಿ ಕಣದ ಅಜ್ಜಿಯ ಬಗ್ಗೆ ಒಬ್ಬಳು ಹುಡುಗಿ ಬರೆದಿದ್ದಾಳೆ ಎಂದು. ಅವರು ನೇರ ಕಪ್ಪು ಚಿತ್ರದ ಹತ್ತಿರ ಹೋಗಿ ನನ್ನ ದುಂಡು ಅಕ್ಷರವನ್ನು ಮೇಲಿನಿಂದ ಕೆಳಗೆ ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಆಮೇಲೆ ನಮ್ಮ ಗುಂಪಿನ ಕಡೆ ತಿರುಗಿ ಕೇಳಿದರು:

"ಅಜ್ಜಿ ಎಲ್ಲಿ?"

ಮೇಡಂ ನನ್ನನ್ನು ನೋಡಿದರು. ನಾನು ನೆಲದ ಕೆಂಪು ಸಿಮೆಂಟನ್ನು ನೋಡಿದೆ. ಈಗ ನನ್ನ ಹೆಸರು ಹೊರಗೆ ಬರುತ್ತದೆ, ಇನ್ನು ಕರಿಹಲಗೆಯ ಹತ್ತಿರ ಹೋಗುವ ಹಾಗಿಲ್ಲ, ಕಾಲೇಜೇ ಬಿಡಬೇಕು ಎಂದೆಲ್ಲ ಎರಡು ಉಸಿರಿನಲ್ಲಿ ಯೋಚಿಸಿಬಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಕುಸುಮಾಳ ಸಣ್ಣ ದನಿ ಬಂತು.

"ಅಜ್ಜಿ ಮನೇಲಿ ಉಟ್ಟು ಮೇಡಂ."

ಎಲ್ಲರೂ ನಕ್ಕರು. ಕಲಾವಿದೆಯೂ ನಕ್ಕರು. ಅವಳ ಕೈ ಹಿಡಿದು ಮೂಲೆಯ ಬೆಂಚಿಗೆ ಕರೆದುಕೊಂಡು ಹೋದರು. ಅವರಿಬ್ಬರೂ ಬಹಳ ಹೊತ್ತು ಅಲ್ಲಿ ಕೂತಿದ್ದರು. ಕುಸುಮಾ ಗಾಳಿಯಲ್ಲಿ ಮುಷ್ಟಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸುತ್ತಿದ್ದಳು, ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಅವಳು ನನ್ನನ್ನು ಉಳಿಸಿದ್ದಳು, ನಾನು ಕೃತಜ್ಞಳಾಗಿರಬೇಕಿತ್ತು. ನಿಜ ಹೇಳುತ್ತೇನೆ, ನನಗಾದದ್ದು ಇನ್ನಷ್ಟು ಹೊಟ್ಟೆಯುರಿ. ನನ್ನನ್ನು ಕಾಪಾಡಲು ಅವಳು ಆಡಿದ ಆ ಒಂದು ವಾಕ್ಯವೂ ನನ್ನ ಇಡೀ ಹಳದಿ ಪುಟಕ್ಕಿಂತ ಚೆನ್ನಾಗಿತ್ತು.

ರೂಮಿಗೆ ಬಂದ ಮೇಲೆ, "ಏನಂದ್ರೇ ಅವರು?" ಎಂದು ಆದಷ್ಟು ಸಾಮಾನ್ಯ ದನಿಯಲ್ಲಿ ಕೇಳಿದೆ.

"ಎಂಥದೂ ಇಲ್ಲ. ಕಣದಲ್ಲಿ ಮಳೆ ಬಂದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ರು," ಎಂದು ಅವಳು ಕಿಟಕಿ ತೆಗೆದು ಆಕಾಶ ನೋಡಿದಳು.

ಈಗ ಇನ್ನೊಂದು ಮಾತು ಹೇಳಬೇಕು. ಇದನ್ನು ನಾನು ಯಾರಿಗೂ ಹೇಳಿಲ್ಲ, ರಮ್ಯಾಳ ಪುಟ ಓದುವ ತನಕ ನನಗೂ ಹೇಳಿಕೊಂಡಿರಲಿಲ್ಲ. ನಾನೂ ಶಿರಂಗಾಲದವಳು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆ ನಿಂತ ಬೇಸಾಯದ ಮನೆ ನಮ್ಮದು. ಕಾಲೇಜಿನ ದಿನಗಳ ಆ ಚಿತ್ರಪ್ರದರ್ಶನದ ಹಿಂದಿನ ವಾರ ಹಬ್ಬಕ್ಕೆ ಊರಿಗೆ ಹೋಗಿದ್ದೆನಲ್ಲ, ಗಣೇಶನನ್ನು ಕೂರಿಸಿದ ಬೆಳಿಗ್ಗೆ ಅಪ್ಪ ಹೊಲದಿಂದ ಮನೆಗೆ ಬರಲೇ ಇಲ್ಲ. ಅಮ್ಮ ಕರೆದುಕೊಂಡು ಬಾ ಎಂದಳು. ಹೋದರೆ ಅಪ್ಪ ಶುಂಠಿಯ ಏರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು, ಮಡಿಪಂಚೆಯಲ್ಲೇ. ಒಂದು ಗಿಡವನ್ನು ಎಳೆದರು. ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಮೂಸಿದರು. ನನ್ನ ಮೂಗಿನ ಹತ್ತಿರವೂ ಹಿಡಿದರು.

"ನೋಡವ್ವ, ತುದಿ ಹಳ್ದಿ ತಿರುಗ್ಯದೆ ಅಂತ ಮೊನ್ನೆನೇ ಅಂದೆ ನಿಮ್ಮವ್ವಂಗೆ," ಎಂದರು. ಆಮೇಲೆ ಹಬ್ಬದ ಊಟ ಮುಗಿಯುವವರೆಗೂ ಅವರು ಒಂದು ಮಾತೂ ಆಡಲಿಲ್ಲ. ಹಳದಿ ತಿರುಗಿದ ಗಿಡಗಳನ್ನೆಲ್ಲ ಕಿತ್ತು ದೂರ ಹಾಕುವುದಕ್ಕೆ ನಾನೂ ಸಂಜೆ ಕೈಜೋಡಿಸಿದೆ. ಆ ವಾಸನೆ ಎರಡು ದಿನ ಉಗುರಿನಿಂದ ಹೋಗಲಿಲ್ಲ. ಅದೇ ಉಗುರುಗಳಲ್ಲಿ ಪೆನ್ನು ಹಿಡಿದು, ಮಡಿಕೇರಿಯಲ್ಲಿ, ಹಳದಿಯೆಂದರೆ ವಸಂತ ಎಂದು ನಾನು ಬರೆದೆ.

ನೋಡಿ, ಕುಸುಮಾಳ ಕಪ್ಪು ಕುಸುಮಾಳದ್ದೇ ಆಗಿತ್ತು, ಅದು ನನಗೆ ದಕ್ಕುವಂಥದ್ದಲ್ಲ. ಆದರೆ ಈ ಹಳದಿ ನನ್ನದು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದು ನನ್ನ ಮನೆಯ ಹೊಲದಲ್ಲೇ ಬಿದ್ದಿತ್ತು, ನಾನು ಬಗ್ಗಿ ನೋಡಲಿಲ್ಲ. ಈಗ ಎರಡು ಜಡೆಯ ಹುಡುಗಿಯೊಬ್ಬಳು ಬಂದು ಸಲೀಸಾಗಿ ಕಿತ್ತುಕೊಂಡು ಹೋದಳು. ಆ ಸಿಟ್ಟಿಗೇ ನಾನು ಅವಳ ಸಾಲಿನ ಮೇಲೆ ಗೆರೆ ಎಳೆದದ್ದು. ಅಪ್ರಸ್ತುತವಂತೆ. ಅಜ್ಜಿಯನ್ನು ತೆಗೆದ ಕೈ ಈಗ ಅಪ್ಪನ ಮೂಗನ್ನು ತೆಗೆಯುತ್ತಿತ್ತು. ನಾಳೆ ಬೆಳಿಗ್ಗೆ ಪುಟ ಮರಳಿ ಕೊಡಬೇಕು. ಕೊಟ್ಟರೆ ಅವಳು ಆ ಕೆಂಪು ಗೆರೆಯನ್ನು ನಂಬುತ್ತಾಳೆ. ಒಂಬತ್ತನೇ ತರಗತಿಯ ಮಕ್ಕಳು ಮೇಡಂ ಹಾಕಿದ ಗೆರೆಯನ್ನು ನಂಬುತ್ತಾರೆ. ಮುಂದಿನ ಸಲ ಅವಳೂ ವಸಂತ ಎಂದು ಬರೆದುಕೊಂಡು ಬರುತ್ತಾಳೆ, ನಾನು ಅದಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ.

ತಿಂಡಿಯ ತಟ್ಟೆ ಹಾಗೇ ಬಿಟ್ಟು ಕುಸುಮಾಳಿಗೆ ಫೋನು ಮಾಡಿದೆ. ಅವಳು ಈಗಲೂ ಗಾಳಿಬೀಡಿನಲ್ಲೇ ಇದ್ದಾಳೆ. ತೋಟದ ಜವಾಬ್ದಾರಿಯೆಲ್ಲ ಅವಳದ್ದೇ. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ನಾವು ವರ್ಷಕ್ಕೆ ಎರಡು ಮೂರು ಸಲ ಮಾತಾಡುತ್ತೇವೆ, ಯಾವತ್ತೂ ಆ ಚಿತ್ರದ ಸುದ್ದಿ ಎತ್ತಿದವರಲ್ಲ.

"ಕಣದಲ್ಲಿದ್ದೇನೆ, ಹೇಳ್," ಎಂದಳು. ಒಣಹಾಕಿದ ಕಾಫಿಯನ್ನು ಕಾಲಿನಲ್ಲಿ ಎಳೆದು ತಿರುವುವ ಸದ್ದು ಸರಸರ ಕೇಳುತ್ತಿತ್ತು. ನನಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗದೆ, "ಒಣಗಿತೇನೇ?" ಎಂದೆ.

"ನೀನೇ ಹೇಳ್," ಎಂದು ಫೋನಿನ ಹತ್ತಿರ ಏನನ್ನೋ ಅಲ್ಲಾಡಿಸಿದಳು. ಗಲಗಲ ಅಂದಿತು.

"ಒಣಗಿದೆ."

"ಇಲ್ಲ, ಇನ್ನೂ ಎರಡು ಬಿಸಿಲು ಬೇಕು. ನಿಂಗೆ ಯಾವಾಗ್ಲೂ ಅವಸರ."

ಆಗ ಹೇಳಿಬಿಟ್ಟೆ. "ಕುಸುಮಾ, ಕಾಲೇಜಲ್ಲಿ ಆ ಕಪ್ಪು ಚಿತ್ರ ಇತ್ತಲ್ಲ. ನಿನ್ನ ಪುಟ ನಾನು ನಕಲು ಮಾಡಿದ್ದು."

"ಓ ಅದಾ. ನೀನು ಅಜ್ಜಿನ ಬಿಟ್ಟದ್ದು." ಸಾರಿಗೆ ಉಪ್ಪು ಹಾಕಲು ಮರೆತದ್ದನ್ನು ಹೇಳುವ ದನಿ.

"ಮರೆತು ಬಿಟ್ಟದ್ದಲ್ಲ ಕಣೆ. ಬೇಕೂಂತಲೇ ಬಿಟ್ಟೆ. ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತು."

ಸರಸರ ನಿಂತಿತು. ಫೋನು ಕಟ್ಟಾಯಿತೇನೋ ಎಂದು ನಾನು ಕಿವಿಯಿಂದ ತೆಗೆದು ನೋಡಿದೆ.

"ಗೊತ್ತುಟ್ಟು," ಎಂದಳು. "ಅಂದೇ ಗೊತ್ತಾಗಿತ್ತು. ಮೇಡಂ ನಂದು ಚಂದ ಉಟ್ಟೂಂತ ಹೇಳಿದಾಗ ನಾನು ನಂಬಿರ್ಲಿಲ್ಲ, ಪಾಪ ಅಂತ ಹೇಳಿರ್ಬೇಕು ಅಂದ್ಕೊಂಡಿದ್ದೆ. ಗೋಡೆ ಮೇಲೆ ಅಜ್ಜಿ ಇಲ್ಲದ್ದು ನೋಡಿದ ಮೇಲೇ ನಂಬಿದ್ದು. ಅಷ್ಟು ಚೆನ್ನಾಗಿ ಬರೀತಿದ್ದವಳು ನೀನು. ನಿಂಗೇ ಹೊಟ್ಟೆಕಿಚ್ಚು ಬಂತೂಂದ್ರೆ ನಾನು ಬರೆದದ್ದು ನಿಜಕ್ಕೂ ಚಂದ ಇರ್ಬೇಕು ಅಂತ." ಆಮೇಲೆ, "ಮೋಡ ಬರ್ತಾ ಉಟ್ಟು, ಇಡ್ತೇನೆ," ಎಂದು ಇಟ್ಟುಬಿಟ್ಟಳು.

ಮೋಡ ನಿಜವಾಗಿಯೂ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಎದ್ದು ಕಿಟಕಿ ತೆಗೆದು ನೋಡಿದೆ, ನಮ್ಮ ಕುಶಾಲನಗರದಲ್ಲಿ ಬಿಸಿಲಿತ್ತು.

ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳಾಗುತ್ತದೆ. ರಮ್ಯಾಳ ಪುಟವನ್ನು ಮತ್ತೆ ಓದಿದೆ, ಉರಿ ಇದ್ದಲ್ಲೇ ಇತ್ತು. 'ಅಪ್ರಸ್ತುತ'ವನ್ನು ಹೊಡೆದುಹಾಕಿದೆ. ಗೆರೆ ಎಳೆದ ಸಾಲನ್ನು ಅದರ ಮೇಲ್ಗಡೆಯೇ, ಒಂದು ಅಕ್ಷರವನ್ನೂ ಬದಲಿಸದೆ, ನನ್ನ ಕೈಯಲ್ಲಿ ಮತ್ತೆ ಬರೆದೆ: ಆ ಚಿತ್ರದ ಮುಂದೆ ನಿಂತಾಗ ನನಗೆ ಮೂಸಿ ನೋಡಬೇಕು ಅನ್ನಿಸಿತು. ಪೆನ್ನು ಸೋರಿ ಅಂಚಿನಲ್ಲಿ ಒಂದು ಬೊಟ್ಟು ಬಿತ್ತು. ಪುಟದ ಕೆಳಗೆ, ಎಲ್ಲರಿಗೂ 'ಉತ್ತಮ', 'ಪರವಾಗಿಲ್ಲ' ಎಂದು ಬರೆಯುವ ಜಾಗದಲ್ಲಿ ಪೆನ್ನಿಟ್ಟು, ಶಾಲೆಯ ತಪಾಸಣೆಗೆ ಬಂದವರು ನೋಡಿದರೆ ಏನೆಂದುಕೊಂಡಾರು ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ನನ್ನ ದುಂಡು ಅಕ್ಷರದಲ್ಲಿ, "ಇದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು," ಎಂದು ಬರೆದು ಸಹಿ ಹಾಕಿದೆ.